ದುಮ್ಮವಾಡದ ಇರುಳು, ನಾಯಿಯ ಊಳು

ಧಾರವಾಡ ಜಿಲ್ಲೆಯ ಎರೆನೆಲದ ಬಯಲು ಹಿಂದೆ ಸರಿದು ಮಲೆನಾಡಿನ ಸೆರಗು ಕಾಣತೊಡಗುವ ಎಡೆಯಲ್ಲಿ ಕಲಘಟಗಿ ತಾಲೂಕಿನ ದುಮ್ಮವಾಡವಿದೆ. ಬಹುಕಾಲ ಹುಬ್ಬಳ್ಳಿಯ ಜನಕ್ಕೆ ಕುಡಿಯುವ ನೀರನ್ನಿತ್ತ ನೀರಸಾಗರವು ಈ ಊರಿನ ನೆರೆಯಲ್ಲಿಯೇ ಇರುವುದು. ಭತ್ತ, ಗೋವಿನಜೋಳ, ಹತ್ತಿಗಳ ಹೊಲಗೆಲಸ ಮುಗಿಸಿ ಮಂದಿ ಉಂಡು ಮಲಗಿ, ಕೊನೆಯ ಬಸ್ಸಿನ ಸದ್ದೂ ಅಡಗಿದ ಮೇಲೆ, ಯಾವುದೋ ಒಂದು ಹಿತ್ತಲಿನಲ್ಲಿ ಕಟ್ಟಿಹಾಕಿದ ನಾಯಿ ಮೋರೆಯನ್ನೆತ್ತಿ ದೀರ್ಘವಾಗಿ ಊಳಿಡುತ್ತದೆ. ಅದು ನಿಲ್ಲುವಷ್ಟರಲ್ಲಿ ಅಗಸಿಯ ಕಡೆಯಿಂದ ಮತ್ತೊಂದು, ಕೆರೆಯ ದಂಡೆಯ ಕಡೆಯಿಂದ ಇನ್ನೊಂದು ದನಿಗೂಡಿಸಿ, ಸ್ವಲ್ಪ ಹೊತ್ತಿನಲ್ಲಿಯೇ ಊರ ನಾಲ್ಕೂ ದಿಕ್ಕು ಆ ನಾದದಿಂದ ತುಂಬಿಹೋಗುತ್ತದೆ. ಪಡಸಾಲೆಯಲ್ಲಿ ಮಲಗಿದ ಮುದುಕಿ ಎದ್ದು ಕುಳಿತು, "ನಾಯಿ ಅಳಾಕತ್ತೈತಿ, ಯಾರ ಮನಿಗೆ ಏನ ಕಾದೈತೋ ಶಿವನ" ಎಂದು ಕೈಮುಗಿಯುತ್ತಾಳೆ; ಮನೆಯ ಗಂಡಸು ಬಾಗಿಲು ತೆರೆದು "ಹಚಾ!" ಎಂದು ಗದರಿ, ಕೈಗೆ ಸಿಕ್ಕ ಹೆಂಟೆಯನ್ನು ಕತ್ತಲೆಯೊಳಕ್ಕೆ ಬೀಸಿ ಒಗೆಯುತ್ತಾನೆ. ಇದು ದುಮ್ಮವಾಡವೊಂದರ ಮಾತಲ್ಲ. ಕುಂದಗೋಳ, ನವಲಗುಂದ, ಅಣ್ಣಿಗೇರಿಗಳ ಸುತ್ತಲಿನ ಹಳ್ಳಿಗಳಲ್ಲಿಯೂ ಇರುಳಿನ ಈ ಪ್ರಸಂಗ ಹೀಗೆಯೇ ನಡೆಯುತ್ತ ಬಂದಿದೆ.

ಮುದುಕಿಯ ಭಯವನ್ನು ಅಲ್ಲಗಳೆಯಲು ಅವಸರಪಡುವುದು ಉಚಿತವಲ್ಲ; ಅದರ ಹಿಂದೆ ಎಷ್ಟೋ ತಲೆಮಾರುಗಳ ಅನುಭವವೂ ದುಃಖವೂ ಸಂಚಿತವಾಗಿವೆ. ಆದರೆ ಹೆಂಟೆಯೇಟು ತಿಂದು ಕುಂಯ್ಗುಡುತ್ತ ಗೋಡೆಯ ಮರೆಗೆ ಸರಿಯುವ ನಾಯಿ ಏನನ್ನು ಹೇಳುತ್ತಿತ್ತು ಎಂಬುದನ್ನು ಒಮ್ಮೆಯಾದರೂ ಸಾವಧಾನದಿಂದ ವಿಚಾರಿಸಬೇಡವೆ? ನಾವು ಸಾವಿಗೆ ಹಚ್ಚುವ ಆ ದನಿ ನಿಜವಾಗಿ ಬದುಕಿರುವವರನ್ನು ಕುರಿತದ್ದೆಂದೂ, ಕಣ್ಣಿಗೆ ಕಾಣದ ತನ್ನ ಬಳಗವನ್ನು ನಾಯಿ ಹಾಗೆ ಕೂಗಿ ಕರೆಯುತ್ತದೆಂದೂ, ಹಾಗೆ ಕರೆದುದಕ್ಕೆ ಕಲ್ಲಿನೇಟು ತಕ್ಕ ಉತ್ತರವಲ್ಲವೆಂದೂ ನನ್ನ ದೃಢವಾದ ಅಭಿಪ್ರಾಯ.

ಊಳಿಡುವ ನಾಯಿಯನ್ನು ಹತ್ತಿರದಿಂದ ನೋಡಿದವರು ಬೊಗಳುವಿಕೆಗೂ ಇದಕ್ಕೂ ಇರುವ ಅಂತರವನ್ನು ಕಣ್ಣಿನಿಂದಲೇ ಅರಿಯಬಲ್ಲರು. ಬೊಗಳುವ ನಾಯಿ ನಾಲ್ಕೂ ಕಾಲುಗಳನ್ನು ನೆಲಕ್ಕೂರಿ, ಎದುರಿಗಿರುವವನ ಮೇಲೆ ದೃಷ್ಟಿಯನ್ನು ನೆಟ್ಟು, ತುಂಡುತುಂಡಾದ ದನಿಯಿಂದ ಅವನನ್ನು ತಡೆಯುತ್ತದೆ. ಊಳಿಡುವ ನಾಯಿಗಾದರೋ ಎದುರಿನಲ್ಲಿ ಯಾರೂ ಬೇಕಾಗಿಲ್ಲ. ಅದು ಬಹುಧಾ ಹಿಂಗಾಲುಗಳ ಮೇಲೆ ಕುಳಿತು, ಕೊರಳನ್ನು ನೀಳವಾಗಿ ಚಾಚಿ, ಕಿವಿಗಳನ್ನು ಹಿಂದಕ್ಕೊರಗಿಸಿ, ಕಣ್ಣುಗಳನ್ನು ಅರೆಮುಚ್ಚಿ, ಮೂತಿಯನ್ನು ಆಕಾಶದತ್ತ ಎತ್ತಿ, ತುಟಿಗಳನ್ನು ದುಂಡಗೆ ಕೂಡಿಸಿ, ಕೆಳಗಿನ ಸ್ವರದಲ್ಲಿ ಮೊದಲಿಟ್ಟುಕೊಂಡು ದನಿಯನ್ನು ಮೆಲ್ಲನೆ ಏರಿಸಿ, ಕೆಲವು ಕ್ಷಣ ಒಂದೇ ಶ್ರುತಿಯಲ್ಲಿ ನಿಲ್ಲಿಸಿ, ಉಸಿರು ಮುಗಿಯುವಂತೆ ಇಳಿಸಿ ಬಿಡುತ್ತದೆ. ಆಗ ಅದರ ಗಂಟಲಿನ ಸಡಿಲವಾದ ತೊಗಲು ಸಣ್ಣಗೆ ನಡುಗುತ್ತಿರುವುದು ಕಾಣುತ್ತದೆ. ದನಿ ನಿಂತ ಮೇಲೆ ನಡೆಯುವುದು ಇನ್ನೂ ಗಮನಾರ್ಹವಾದುದು: ನಾಯಿ ತಲೆಯನ್ನು ಇಳಿಸಿ, ಕಿವಿಗಳನ್ನು ನಿಮಿರಿಸಿ, ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಹೊರಳಿಸಿ ಆಲಿಸುತ್ತದೆ. ಕೇವಲ ಅಳುವವರು ಅತ್ತ ಮೇಲೆ ಆಲಿಸುವುದಿಲ್ಲ. ಉತ್ತರದ ನಿರೀಕ್ಷೆಯಿರುವವರು ಮಾತ್ರ ಆಲಿಸುತ್ತಾರೆ.

ಈ ಕರೆಯ ಮೂಲವನ್ನು ಅರಸಿ ಹೋದರೆ ತೋಳದ ಬಳಿಗೆ ಬಂದು ನಿಲ್ಲುತ್ತೇವೆ. ನಾಯಿ ತೋಳದ ಸಂತತಿಯೆಂಬುದು ಈಗ ನಿರ್ವಿವಾದವಾದ ವಿಷಯ. ಮನುಷ್ಯನ ಜೊತೆಗೆ ಅದು ಬಾಳತೊಡಗಿ ಹದಿನಾಲ್ಕು ಸಾವಿರ ವರ್ಷಗಳಾದರೂ ಸಂದಿವೆ. ತೋಳ ನಮ್ಮ ಸೀಮೆಗೆ ಅಪರಿಚಿತವಾದ ಮೃಗವಲ್ಲ. ರಾಣೆಬೆನ್ನೂರಿನ ಕೃಷ್ಣಮೃಗಧಾಮದ ಕುರುಚಲು ಕಾಡಿನಲ್ಲಿ ಅದು ಇದೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಒಂದು ಧಾಮವನ್ನು ಕಾಯ್ದಿರಿಸಲಾಗಿದೆ. ತೋಳಗಳ ಒಂದು ಕುಟುಂಬ ಬೇಟೆಗೆಂದು ಚದುರಿದಾಗ, ಒಂದರ ಕಣ್ಣಿಗೆ ಮತ್ತೊಂದು ಕಾಣದ ದೂರದಲ್ಲಿ, ಕತ್ತಲೆಯಲ್ಲಿ, ವಾಸನೆಯೂ ಗಾಳಿಯ ದಿಕ್ಕಿಗೆ ಅಧೀನವಾಗಿರುವಾಗ, ಅವುಗಳನ್ನು ಒಂದುಗೂಡಿಸಲು ಉಳಿದಿರುವ ಸಾಧನ ಕೊರಳೊಂದೇ. ಭಾರತೀಯ ತೋಳದ ಊಳನ್ನು ಅಳೆದು 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ ಅದರ ಮೂಲಸ್ವರದ ಸರಾಸರಿ ಸುಮಾರು 420 ಹರ್ಟ್ಸ್. ಸಂಗೀತ ಬಲ್ಲ ಧಾರವಾಡದ ಓದುಗರಿಗೆ ಹೇಳುವುದಾದರೆ, ಅದು ಹಾರ್ಮೋನಿಯಮ್ಮಿನ ಮಧ್ಯಸಪ್ತಕದೊಳಗೆಯೇ ಬೀಳುವ ದನಿ.

ಕರೆ ದೂರಕ್ಕೆ ಮುಟ್ಟಬೇಕಾದರೆ ದನಿ ಹೀಗೆಯೇ ಇರಬೇಕು. ಕೀಚಲು ದನಿಯನ್ನು ಗಾಳಿಯೂ ಗಿಡಗಂಟಿಗಳೂ ಬೇಗ ನುಂಗುತ್ತವೆ. ತಗ್ಗಿನ, ದೀರ್ಘವಾದ, ಶ್ರುತಿಗೆ ನಿಂತ ದನಿ ಅವುಗಳನ್ನು ದಾಟಿ ಮೈಲುಗಟ್ಟಲೆ ಸಾಗುತ್ತದೆ. ಇರುಳು ಅದಕ್ಕೆ ನೆರವಾಗುತ್ತದೆ. ಬಿಸಿಲಿರುವಾಗ ನೆಲಕ್ಕೆ ತಾಗಿದ ಗಾಳಿ ಕಾದು ಶಬ್ದವನ್ನು ಮೇಲಕ್ಕೆ ಬಾಗಿಸಿದರೆ, ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗ ಆರಿ, ಅದರ ಮೇಲಿನ ಗಾಳಿ ತಂಪಾಗಿ, ಅದಕ್ಕೂ ಮೇಲೆ ಬೆಚ್ಚನೆಯ ಗಾಳಿಯ ಪದರು ನಿಂತು, ಶಬ್ದವು ಆಕಾಶಕ್ಕೆ ಚದುರದೆ ಮತ್ತೆ ನೆಲದತ್ತ ಬಾಗುತ್ತದೆ. ವಿಶಾಲವಾದ ನೀರಿನ ಮೇಲೆ ಈ ಪರಿಣಾಮ ಇನ್ನೂ ಹೆಚ್ಚು. ಮಾರ್ಗಶಿರ-ಪುಷ್ಯ ಮಾಸಗಳಲ್ಲಿ ನೀರಸಾಗರದ ಆಚೆಯ ದಂಡೆಯ ನಾಯಿ ಈಚೆಯ ಹಿತ್ತಲಿನಲ್ಲಿಯೇ ಊಳಿಟ್ಟಂತೆ ಕೇಳಿಸುವುದಕ್ಕೆ ಇದೇ ಕಾರಣ. ಅದರಲ್ಲಿ ಮಾಯೆಯೂ ಇಲ್ಲ, ಪಿಶಾಚಿಯೂ ಇಲ್ಲ. ಬೆಳುದಿಂಗಳನ್ನು ಕಂಡು ನಾಯಿ ಊಳಿಡುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಮೋರೆಯನ್ನೆತ್ತುವುದು ಚಂದ್ರನಿಗಾಗಿಯಲ್ಲ, ಕೊರಳು ನೇರವಾಗಿ ದನಿ ಸರಾಗವಾಗಿ ಹೊರಡಲೆಂದು.

ಇನ್ನು, ಊಳು ಕೇವಲ ಸಂಕಟದ ಆರ್ತನಾದವೋ ಅಥವಾ ನಿಶ್ಚಿತವಾದ ಯಾರನ್ನೋ ಕುರಿತ ಕರೆಯೋ ಎಂಬ ಪ್ರಶ್ನೆ. ಇದಕ್ಕೆ ಆಸ್ಟ್ರಿಯಾ ದೇಶದ ಅರ್ನ್‌ಸ್ಟ್‌ಬ್ರುನ್ ಎಂಬಲ್ಲಿರುವ ತೋಳ ಸಂಶೋಧನ ಕೇಂದ್ರದ ವಿದ್ವಾಂಸರು 2013ರಲ್ಲಿ ಸುಂದರವಾದ ಉತ್ತರವನ್ನು ಕಂಡುಕೊಂಡರು. ಮನುಷ್ಯರ ಕೈಯಲ್ಲಿ ಬೆಳೆದ ತೋಳಗಳ ಗುಂಪಿನಿಂದ ಒಂದೊಂದನ್ನೇ ಹಗ್ಗಕಟ್ಟಿ ಅಡವಿಯಲ್ಲಿ ತಿರುಗಾಡಿಸಿಕೊಂಡು ಬರಲು ಒಯ್ದು, ಹಿಂದುಳಿದವು ಎಷ್ಟು ಊಳಿಡುತ್ತವೆ ಎಂಬುದನ್ನು ಅವರು ಎಣಿಸಿದರು. ಜೊಲ್ಲಿನಲ್ಲಿರುವ ಕಾರ್ಟಿಸಾಲ್ ಎಂಬ ಉದ್ವೇಗಸೂಚಕ ರಸವನ್ನೂ ಅಳೆದರು. ಹೊರಟುಹೋದದ್ದು ಗುಂಪಿನ ಹಿರಿಯನಾಗಿದ್ದರೆ ಊಳು ಹೆಚ್ಚು. ಹಿಂದುಳಿದ ತೋಳಕ್ಕೆ ವಿಶೇಷವಾಗಿ ಬೇಕಾದ ಜೊತೆಗಾರನಾಗಿದ್ದರೆ ಇನ್ನೂ ಹೆಚ್ಚು. ಆದರೆ ಉದ್ವೇಗದ ಏರಿಳಿತದಿಂದ ಈ ಭೇದವನ್ನು ವಿವರಿಸಲು ಸಾಧ್ಯವಾಗಲಿಲ್ಲ. ಎಂದರೆ, ಯಾರು ಹೋದರು ಎಂಬುದರ ಮೇಲೆ ಕರೆ ನಿಂತಿತ್ತು. ಅಗಲಿದವನ ಬೆಲೆಯನ್ನು ಅರಿತು ಅದಕ್ಕೆ ತಕ್ಕಂತೆ ಕೂಗುವ ಪ್ರಾಣಿಯನ್ನು ನಾವು ಬುದ್ಧಿಯಿಲ್ಲದ ಜೀವವೆಂದು ಹೇಗೆ ಕರೆಯೋಣ?

ಸಾಕುನಾಯಿಗಳಲ್ಲಿ ಈ ಹಳೆಯ ನುಡಿ ಎಷ್ಟು ಉಳಿದಿದೆ ಎಂಬುದನ್ನು ಹಂಗೇರಿಯ ರಾಜಧಾನಿ ಬುಡಾಪೆಸ್ಟಿನ ವಿದ್ವಾಂಸರು ಪರೀಕ್ಷಿಸಿದರು. 68 ಮನೆನಾಯಿಗಳಿಗೆ ತೋಳದ ಊಳಿನ ಧ್ವನಿಮುದ್ರಣವನ್ನು ಕೇಳಿಸಿದಾಗ, ವಂಶದಲ್ಲಿ ತೋಳಕ್ಕೆ ಸಮೀಪವಾದ ಪ್ರಾಚೀನ ತಳಿಗಳು, ಅವುಗಳಲ್ಲಿಯೂ ಐದು ವರ್ಷ ದಾಟಿದವು, ಊಳಿನಿಂದಲೇ ಉತ್ತರಕೊಟ್ಟವು. ಈಚಿನ ಕಾಲದಲ್ಲಿ ಮನುಷ್ಯನು ತಿದ್ದಿ ರೂಪಿಸಿದ ತಳಿಗಳು ಹೆಚ್ಚಾಗಿ ಬೊಗಳಿದವು. 2023ರಲ್ಲಿ ಪ್ರಕಟವಾದ ಈ ಸಂಶೋಧನೆಯನ್ನು ಓದಿದಾಗ ನಮ್ಮ ಊರನಾಯಿಯ ನೆನಪಾಗದೆ ಇರಲಿಲ್ಲ. ಅದನ್ನು ಯಾವ ಶ್ವಾನಸಂಘವೂ ಸೌಂದರ್ಯಕ್ಕಾಗಿ ತೀಡಿದುದಲ್ಲ. ತಂಗಳ ರೊಟ್ಟಿ ತಿಂದು, ಕಣವನ್ನೂ ಹಟ್ಟಿಯನ್ನೂ ಕಾಯುತ್ತ, ತನ್ನ ಪಾಡಿಗೆ ತಾನು ಬೆಳೆದುಬಂದ ಕುಲ ಅದು. ಅದರ ಕೊರಳಿನಲ್ಲಿ ಪೂರ್ವಜರ ಮಾತು ಅಳಿಯದೆ ಉಳಿದಿರುವುದು ಸಹಜವೆಂದೇ ನನಗೆ ತೋರುತ್ತದೆ.

ಆದುದರಿಂದಲೇ, ಊಳನ್ನು ಹೋಲುವ ಯಾವ ದನಿ ಕಿವಿಗೆ ಬಿದ್ದರೂ ನಾಯಿ ಅದನ್ನು ತನ್ನವರ ಕರೆಯೆಂದು ಬಗೆದು ಓಗೊಡುತ್ತದೆ. ಸಂಜೆಯ ಮಂಗಳಾರತಿಯಲ್ಲಿ ಶಂಖ ಊದಿದಾಗ ಗುಡಿಯ ಕಟ್ಟೆಯ ನಾಯಿ ದನಿಗೂಡಿಸುವುದನ್ನೂ, ಮದುವೆಯ ಹಂದರದಲ್ಲಿ ಸನಾದಿಯ ದೀರ್ಘಸ್ವರಕ್ಕೆ ಅಂಗಳದ ನಾಯಿ ಮೋರೆಯೆತ್ತುವುದನ್ನೂ ನೋಡದವರಿಲ್ಲ. ನಾದ ಅದರ ಕಿವಿಯನ್ನು ನೋಯಿಸುತ್ತದೆ ಎಂದು ಕೆಲವರು ಹೇಳುವುದುಂಟು; ಆದರೆ ನೋವಾದ ನಾಯಿ ಓಡಿಹೋಗುತ್ತದೆ, ಕುಳಿತು ಹಾಡುವುದಿಲ್ಲ. ಕಬ್ಬಿನ ಗದ್ದೆಯ ಅಂಚಿನಲ್ಲಿ ಮುಸ್ಸಂಜೆಗೆ ನರಿಗಳು ಕೂಗಿದರೆ ಊರೊಳಗಿನ ನಾಯಿಗಳು ಉತ್ತರಿಸುತ್ತವೆ. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ಹೊಲಗಳಲ್ಲಿ ಕುರಿ ನಿಲ್ಲಿಸಲು ಹಿಂಡುಗಳೊಡನೆ ಕುರುಬರು ಬಂದಿಳಿದಾಗ, ಅವರ ಬಿಡಾರದ ನಾಯಿಗಳಿಗೂ ಊರ ನಾಯಿಗಳಿಗೂ ರಾತ್ರಿಯೆಲ್ಲ ಸಂವಾದ ನಡೆಯುತ್ತದೆ. ಅದರಲ್ಲಿ ಕರೆಯ ಜೊತೆಗೆ, ಇಲ್ಲಿ ನಾವಿದ್ದೇವೆ, ದೂರವಿರಿ ಎಂಬ ಎಚ್ಚರಿಕೆಯೂ ಕೂಡಿರುತ್ತದೆ. ಹಲವು ದನಿಗಳು ಕೂಡಿದಾಗ ಒಂದೊಂದೂ ಬೇರೆ ಬೇರೆ ಶ್ರುತಿಯಲ್ಲಿ ಏರಿಳಿಯುವುದರಿಂದ ಮೂರು ನಾಯಿಗಳು ಮೂವತ್ತಿದ್ದಂತೆ ಕೇಳಿಸುವುದೂ ಉಂಟು.

ಈ ಸಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅಪಾರ್ಥಕ್ಕೆ ಕಾರಣವಾದದ್ದು ಆಂಬುಲೆನ್ಸಿನ ಸೈರನ್ನು. ಕರ್ನಾಟಕದಲ್ಲಿ 108ರ ಸೇವೆ 2008ರ ನವೆಂಬರಿನಲ್ಲಿ ಆರಂಭವಾಯಿತು. ಅಂದಿನಿಂದ ಹಳ್ಳಿಯ ಯಾವುದೋ ಮನೆಯಲ್ಲಿ ಎದೆನೋವೋ ಹೆರಿಗೆಯ ಸಂಕಟವೋ ತಲೆದೋರಿದಾಗ ಆ ವಾಹನ ಸರಿರಾತ್ರಿಯಲ್ಲಿ ಕೂಗಿಕೊಂಡು ಬರುತ್ತದೆ. ಅದರ ಸ್ವರ ಕೆಳಗಿನಿಂದ ಮೇಲೇರಿ ಮತ್ತೆ ಇಳಿಯುವ ಕ್ರಮ ಊಳಿನ ಕ್ರಮವೇ ಆಗಿದೆ. ನಾಯಿಯ ಕಿವಿ ನಮ್ಮ ಕಿವಿಗಿಂತ ಸೂಕ್ಷ್ಮವಾದುದರಿಂದ, ವಾಹನ ಇನ್ನೂ ದೂರದ ರಸ್ತೆಯಲ್ಲಿರುವಾಗ, ನಮಗಾರಿಗೂ ಏನೂ ಕೇಳಿಸದಿರುವಾಗಲೇ ನಾಯಿಗಳು ಊಳಿಡತೊಡಗುತ್ತವೆ. ಬಳಿಕ ವಾಹನ ಬರುತ್ತದೆ, ರೋಗಿಯನ್ನು ಒಯ್ಯುತ್ತದೆ. ಒಮ್ಮೊಮ್ಮೆ ಬೆಳಗಾಗುವಷ್ಟರಲ್ಲಿ ಕೆಟ್ಟ ಸುದ್ದಿಯೂ ಬರುತ್ತದೆ. ನಾಯಿ ಮೊದಲೇ ಅತ್ತಿತ್ತಲ್ಲ ಎಂದು ಕಟ್ಟೆಯ ಮೇಲೆ ಕುಳಿತವರು ಹೇಳಿದರೆ ಅವರು ಕಂಡದ್ದು ಸುಳ್ಳೆನ್ನಲಾಗದು. ಕಂಡದ್ದಕ್ಕೆ ಕೊಟ್ಟ ಕಾರಣ ಮಾತ್ರ ತಪ್ಪು.

ವಾಹನವಿಲ್ಲದ ಕಾಲದಲ್ಲಿಯೂ ಈ ನಂಬಿಕೆ ಇತ್ತಲ್ಲ ಎಂದು ಕೇಳಬಹುದು. ಇತ್ತು, ಅದು ಅತಿ ಪುರಾತನವಾದುದು. ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಯಮನ ಎರಡು ನಾಯಿಗಳು ನಾಲ್ಕು ಕಣ್ಣುಳ್ಳವುಗಳಾಗಿ ಪಿತೃಗಳ ದಾರಿಯನ್ನು ಕಾಯುತ್ತಿವೆ. ಪರಲೋಕದ ಬಾಗಿಲನ್ನು ಕಾಯುವ ಪ್ರಾಣಿಗೆ ಯಮದೂತರು ಕಾಣಿಸುತ್ತಾರೆಂದು ಜನ ಊಹಿಸಿದ್ದು ಆಶ್ಚರ್ಯವಲ್ಲ. ಅದರ ಮೇಲೆ, ಮನೆಯಲ್ಲೊಬ್ಬರು ಹಾಸಿಗೆ ಹಿಡಿದರೆ ನಾಯಿಯ ಲೋಕವೇ ತಲೆಕೆಳಗಾಗುವುದನ್ನು ಗಮನಿಸಬೇಕು. ದಿನವೂ ರೊಟ್ಟಿಯ ತುಂಡನ್ನಿಟ್ಟು ತಲೆ ಸವರುತ್ತಿದ್ದ ಕೈ ಹೊರಗೆ ಬರುವುದಿಲ್ಲ. ರಾತ್ರಿಯೆಲ್ಲ ದೀಪ ಉರಿಯುತ್ತದೆ. ಅಪರಿಚಿತ ಬಂಧುಗಳು ಬಂದು ನಾಯಿಯನ್ನು ಬಾಗಿಲಿನಿಂದಾಚೆಗೆ ಅಟ್ಟುತ್ತಾರೆ. ರೋಗಿಯ ಮೈಯ ವಾಸನೆಯೇ ಬೇರೆಯಾಗುತ್ತದೆ, ಅದನ್ನು ನಾಯಿಯ ಮೂಗು ನಮಗಿಂತ ಬಹಳ ಮುಂಚೆ ತಿಳಿಯುತ್ತದೆ. ಇಂಥ ಹೊತ್ತಿನಲ್ಲಿ ಅದು ತನ್ನ ಯಜಮಾನನನ್ನು ಕರೆಯದೆ ಇನ್ನೇನು ಮಾಡೀತು? ಅದು ಒಳಗಿರುವವನನ್ನು ಹೊರಗೆ ಬಾ ಎಂದು ಕರೆಯುತ್ತಿದ್ದರೆ, ನಾವು ಅದನ್ನು ಯಮನನ್ನು ಒಳಗೆ ಬಾ ಎಂದು ಕರೆಯುವುದಾಗಿ ತಿಳಿಯುತ್ತೇವೆ. ಏನೂ ಆಗದೆ ಕಳೆದುಹೋದ ಅಸಂಖ್ಯ ಊಳಿನ ರಾತ್ರಿಗಳು ಮರೆತುಹೋಗಿ, ಸಾವು ಸಂಭವಿಸಿದ ಒಂದು ರಾತ್ರಿ ಮನೆತನದ ನೆನಪಿನಲ್ಲಿ ಉಳಿಯುವುದೂ ಮನುಷ್ಯಸ್ವಭಾವವೇ.

ನಾಯಿಯ ದನಿಯನ್ನು ಅಮಂಗಳವೆಂದು ಅಟ್ಟಿದ ಈ ನಾಡೇ ಅದನ್ನು ದೇವರ ಸನ್ನಿಧಿಗೂ ಕರೆದೊಯ್ದಿದೆ. ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ, ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ, ಮೈಲಾರಲಿಂಗನ ದೀಕ್ಷೆ ಪಡೆದ ವಗ್ಗಯ್ಯಗಳು ತಮ್ಮನ್ನು ಆ ದೇವರ ನಾಯಿಗಳೆಂದೇ ಭಾವಿಸುವರು. ಕರಿಯ ಕಂಬಳಿ ಹೊದ್ದು, ಹಣೆಗೆ ಭಂಡಾರ ಬಳಿದುಕೊಂಡು, ಏಳುಕೋಟಿಯ ಘೋಷದ ನಡುವೆ ಅವರು ನಾಯಿಯಂತೆ ಬೊಗಳುತ್ತಾರೆ. ಭಕ್ತರು ದೋಣಿಯೆಂಬ ಮರದ ಪಾತ್ರೆಯಲ್ಲಿ ಹಾಲು, ಬಾಳೆಹಣ್ಣು, ಬೆಲ್ಲಗಳನ್ನು ತುಂಬಿದರೆ, ಮಂಡಿಯೂರಿ ಬಾಯಿಯಿಂದಲೇ ಅದನ್ನುಣ್ಣುತ್ತಾರೆ. ಒಡೆಯನ ಬಾಗಿಲಿನಲ್ಲಿ ನಿಂತು ಅವನನ್ನು ಕೂಗುವುದಕ್ಕಿಂತ ಮೇಲಾದ ಭಕ್ತಿಯನ್ನು ಆ ಸಂಪ್ರದಾಯ ಕಾಣಲಿಲ್ಲ. ಅವರಿಗೆ ಕೈಮುಗಿದು ಜಾತ್ರೆಯಿಂದ ಮರಳಿದವರೇ ರಾತ್ರಿ ಹಿತ್ತಲ ನಾಯಿಗೆ ಹೆಂಟೆ ಒಗೆಯುವುದನ್ನು ಕಂಡರೆ ಮನಸ್ಸಿಗೆ ನೋವಾಗುತ್ತದೆ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನೂ ಇಲ್ಲಿ ನೆನೆಯಬೇಕು. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರನೆಂಬ ವೀರನು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಲ್ಲಿ ಭೂಮಿಯನ್ನು ಬೇಡದೆ, ಹೊನ್ನನ್ನು ಬೇಡದೆ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿದಾಗ, ಅದರ ನೆನಪಿಗೆ ಕಲ್ಲು ನೆಡಿಸಿ, ಅದರ ಪೂಜೆಗೆ ದತ್ತಿಯನ್ನೂ ಬಿಡಿಸಿದನು. ಸಾವಿರಕ್ಕೂ ಮಿಕ್ಕಿದ ವರ್ಷಗಳ ಹಿಂದೆ ಕನ್ನಡಿಗನೊಬ್ಬನು ತನ್ನ ನಾಯಿಯನ್ನು ಹೀಗೆ ಪ್ರೀತಿಸಿದ್ದನೆಂಬುದಕ್ಕೆ ಆ ಕಲ್ಲು ಇಂದಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಸಾಕ್ಷಿಯಾಗಿದೆ. ಮಹಾಭಾರತದ ಆದಿಪರ್ವದಲ್ಲಿ ಜನಮೇಜಯನ ತಮ್ಮಂದಿರು ಯಜ್ಞಶಾಲೆಯ ಬಳಿ ಬಂದ ಮರಿನಾಯಿಯೊಂದನ್ನು ಹೊಡೆದಟ್ಟುತ್ತಾರೆ. ಮರಿ ಗೋಳಿಡುತ್ತ ತಾಯಿ ಸರಮೆಯ ಬಳಿಗೆ ಹೋಗುತ್ತದೆ. ಹವಿಸ್ಸನ್ನು ಮೂಸಿಯೂ ನೋಡದ ತನ್ನ ಮಗನನ್ನು ಹೊಡೆದುದೇಕೆಂದು ಸರಮೆ ಬಂದು ಕೇಳಿದಾಗ ಅವರ ಬಳಿ ಉತ್ತರವಿರುವುದಿಲ್ಲ. ನಿರಪರಾಧಿಯನ್ನು ಹೊಡೆದುದಕ್ಕೆ ಅವಳು ಕೊಟ್ಟ ಶಾಪಕ್ಕೆ ಅರಸನೇ ಅಂಜಿ ತಕ್ಕ ಪುರೋಹಿತನನ್ನು ಅರಸಿಕೊಂಡು ಹೊರಡುತ್ತಾನೆ.

ಇಂದು ನಮ್ಮ ಹಳ್ಳಿಗಳಲ್ಲಿ ಊಳು ಹೆಚ್ಚಾಗಿದೆಯೆಂದರೆ ಅದಕ್ಕೆ ಮುಖ್ಯ ಕಾರಣ ಸರಪಳಿಯೆಂದು ನಾನು ತಿಳಿದಿದ್ದೇನೆ. ಹಿಂದೆ ಮನೆಯ ನಾಯಿ ಬೆಳಗಿನಲ್ಲಿ ಎತ್ತಿನ ಬಂಡಿಯ ಹಿಂದೆ ಹೊಲಕ್ಕೆ ಹೋಗಿ, ಬದುವಿನ ನೆರಳಿನಲ್ಲಿ ಮಲಗಿ, ಬೈಗಿಗೆ ಎಲ್ಲರ ಜೊತೆಗೆ ಮರಳುತ್ತಿತ್ತು. ಈಗ ಮನೆಯವರು ಮೋಟರ್ ಸೈಕಲ್ಲಿನಲ್ಲಿ ಹೋಗುತ್ತಾರೆ, ಮಕ್ಕಳು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ದುಡಿಯುತ್ತಾರೆ. ಪೇಟೆಯಿಂದ ತಂದ ಜಾತಿನಾಯಿ ಹಿತ್ತಲಿನಲ್ಲಿ ಮೊಳಕಾಲುದ್ದದ ಸರಪಳಿಗೆ ಬಿಗಿದುಕೊಂಡು, ಗೋಡೆಯನ್ನು ನೋಡುತ್ತ ದಿನವನ್ನು ಕಳೆಯುತ್ತದೆ. ಕೂಡಿ ಬಾಳುವುದೇ ಸ್ವಭಾವವಾಗಿರುವ ಪ್ರಾಣಿಗೆ ಇದಕ್ಕಿಂತ ಕಠಿಣವಾದ ಶಿಕ್ಷೆಯಿಲ್ಲ. ಬಡಿದರೆ ಅದು ಊಳನ್ನು ಬಿಡುವುದಿಲ್ಲ. ಕಟ್ಟಿದ ಸ್ಥಳವನ್ನು ಹಿತ್ತಲಿನಿಂದ ಪಡಸಾಲೆಯ ಕಡೆಗೆ, ಮಂದಿಯ ಓಡಾಟ ಕಾಣುವಲ್ಲಿಗೆ ಬದಲಿಸಿ, ಬೆಳಿಗ್ಗೆ ಸಂಜೆ ಒಂದಿಷ್ಟು ಹೊತ್ತು ಬಿಚ್ಚಿ ಜೊತೆಗೆ ಕರೆದುಕೊಂಡು ಹೋದರೆ, ಬಹುಮಟ್ಟಿಗೆ ತಾನಾಗಿ ನಿಲ್ಲುತ್ತದೆ.

ಉಳಿದ ಕಾರಣಗಳನ್ನು ಮನೆಯವರೇ ಹತ್ತಿರ ಹೋಗಿ ನೋಡಿ ತಿಳಿಯಬೇಕು. ಭಾದ್ರಪದದ ಸುತ್ತಿನ ದಿನಗಳಲ್ಲಿ ಬೆದೆಯ ವಾಸನೆ ಹಿಡಿದ ಗಂಡುನಾಯಿ ಕಟ್ಟಿಹಾಕಿದಲ್ಲಿಂದ ಊಳಿಡುವುದು ಸಾಮಾನ್ಯ. ಕಿವಿಯೊಳಗೆ ಉಣ್ಣಿ ಸೇರಿ ನೋಯುತ್ತಿರಬಹುದು. ಕಾಲಿಗೆ ಮುಳ್ಳು ಮುರಿದಿರಬಹುದು. ಮುಪ್ಪಿನ ನಾಯಿಗೆ ಕಣ್ಣು ಮಂಜಾಗಿ, ಕಿವಿ ಮಂದವಾಗಿ, ಬುದ್ಧಿಯೂ ಮಸುಳಿ, ನಡುರಾತ್ರಿಯಲ್ಲಿ ತಾನೆಲ್ಲಿದ್ದೇನೆ ಎಂಬುದೇ ತಿಳಿಯದೆ ಅದು ಕೂಗುವುದುಂಟು. ಅದಕ್ಕೆ ಹತ್ತಿರ ಒಂದು ಸಣ್ಣ ದೀಪವೂ ಪರಿಚಿತರ ದನಿಯೂ ಸಾಕು.

ಒಂದು ಊಳನ್ನು ಮಾತ್ರ ನಿಜವಾಗಿ ಭಯಪಟ್ಟು ಕೇಳಬೇಕು. ಹುಚ್ಚುನಾಯಿಯ ರೋಗದಲ್ಲಿ ಗಂಟಲಿನ ಸ್ನಾಯುಗಳು ಜೋಲುಬೀಳುವುದರಿಂದ ನಾಯಿಯ ದನಿಯೇ ಕೆಡುತ್ತದೆ: ಬೊಗಳುವಿಕೆ ಬೊಗಳುವಿಕೆಯಾಗಿ ಮುಗಿಯದೆ, ನಡುವೆ ಒಡೆದು, ಗೊಗ್ಗರಾದ ಊಳಾಗಿ ಎಳೆಯುತ್ತದೆ, ಕೆಳದವಡೆ ಇಳಿಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಸಾಧುವಾಗಿದ್ದ ನಾಯಿ ಕಾರಣವಿಲ್ಲದೆ ಎರಗುತ್ತದೆ ಅಥವಾ ಮೂಲೆ ಹಿಡಿದು ಕುಳಿತುಬಿಡುತ್ತದೆ. ತನ್ನ ನಾಯಿಯ ದನಿಯನ್ನು ದಿನವೂ ಕಿವಿಗೊಟ್ಟು ಕೇಳಿದವನಿಗೆ ಈ ವ್ಯತ್ಯಾಸ ಒಡನೆಯೇ ತಿಳಿಯುತ್ತದೆ. ಅಂಥ ನಾಯಿಯ ಬಾಯಿಯ ಬಳಿಗೆ ಕೈಯೊಯ್ಯದೆ, ಮಕ್ಕಳನ್ನು ದೂರವಿರಿಸಿ, ಪಶುವೈದ್ಯರಿಗೆ ಹೇಳಿಕಳಿಸಬೇಕು. ಕಚ್ಚಿದರೆ, ಅಥವಾ ಗಾಯದ ಮೇಲೆ ನೆಕ್ಕಿದರೂ ಸಹ, ಸುಣ್ಣ ಖಾರ ಹಚ್ಚದೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ಆರಂಭಿಸಬೇಕು. ಲಕ್ಷಣಗಳು ತೋರಿದ ಬಳಿಕ ಈ ರೋಗಕ್ಕೆ ಮದ್ದಿಲ್ಲ. ಸಾಕಿದ ನಾಯಿಗೆ ಪ್ರತಿವರ್ಷ ಲಸಿಕೆ ಹಾಕಿಸಿದ ಮನೆಯಲ್ಲಿ ಈ ಒಂದು ಊಳಿನ ಭಯ ಬಹುಮಟ್ಟಿಗೆ ಇಲ್ಲವಾಗುತ್ತದೆ. ಲಸಿಕೆ ಹಾಕಿಸಲು ಕರೆದೊಯ್ದ ದಿನವೇ ಅದರ ಕಿವಿಯನ್ನೂ ಉಗುರನ್ನೂ ವೈದ್ಯರಿಗೆ ತೋರಿಸಿ, ಸರಪಳಿ ಉಜ್ಜಿ ಕೊರಳಿನಲ್ಲಿ ಹುಣ್ಣಾಗಿದ್ದರೆ ಅದಕ್ಕೂ ಔಷಧ ಕೇಳಿಕೊಂಡು ಬರಬೇಕು.